ಮಾಳಿಗೆ ಮಾಲೀಕರದು, ಬಿಸಿಲು ಯಾರದು?

ವಿದ್ಯಾನಗರ ಎಂಬ ಹೆಸರಿನ ಬಡಾವಣೆ ಹುಬ್ಬಳ್ಳಿಯಲ್ಲೂ ಇದೆ, ದಾವಣಗೆರೆಯಲ್ಲೂ ಇದೆ. ಕಾಲೇಜುಗಳ ಊರು ಎಂದು ಹೆಸರಾದ ದಾವಣಗೆರೆಯಲ್ಲಿ ಆ ಹೆಸರಿಗೆ ಅರ್ಥ ಹುಡುಕಬೇಕಾಗಿಲ್ಲ. ಹರಪನಹಳ್ಳಿ, ಹೊನ್ನಾಳಿ, ಜಗಳೂರು, ಚನ್ನಗಿರಿ ಕಡೆಯಿಂದ ಓದಲು ಬಂದ ಮಕ್ಕಳು, ಅವರ ಜೊತೆಗೆ ಅಡುಗೆ ಮಾಡಿಹಾಕಲು ಬಂದ ಅಜ್ಜಿ ಅಥವಾ ಅಮ್ಮ, ಎರಡು ಕೋಣೆಯ ಬಾಡಿಗೆ ಮನೆ, ತಿಂಗಳ ಹತ್ತನೇ ತಾರೀಖಿನೊಳಗೆ ಓನರಿಗೆ ಮುಟ್ಟಬೇಕಾದ ಬಾಡಿಗೆ. ಮನೆಯ ಮೇಲಿನ ಮಾಳಿಗೆ ಮಾತ್ರ ಬಾಡಿಗೆಗೆ ಸೇರಿರುವುದಿಲ್ಲ. ಅಲ್ಲಿ ಕರಿಯ ಸಿಂಟೆಕ್ಸ್ ಟ್ಯಾಂಕು, ಡಿಶ್ಶು, ಬಟ್ಟೆಯ ತಂತಿ. ಬೇಸಿಗೆ ಬಂತೆಂದರೆ ಓನರಮ್ಮನ ಸಂಡಿಗೆ, ಹಪ್ಪಳ, ಬ್ಯಾಡಗಿ ಮೆಣಸಿನಕಾಯಿ. ಬಿಸಿಲನ್ನು ಹೇಗೆ ದುಡಿಸಿಕೊಳ್ಳಬೇಕೆಂಬುದು ಈ ಊರಿನ ಹೆಂಗಸರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ.

ಅದೇ ಬಿಸಿಲಿನಿಂದ ಕರೆಂಟು ತೆಗೆದು, ಮನೆಗೆ ಬೇಕಾದಷ್ಟು ಬಳಸಿ, ಮಿಕ್ಕಿದ್ದನ್ನು ವಿದ್ಯುತ್ ಕಂಪೆನಿಗೆ ಮಾರಿ ತಿಂಗಳಿಗೆ ನಾಲ್ಕು ಕಾಸು ಮಾಡಿಕೊಳ್ಳಬಹುದು ಎಂಬ ಮಾತು ಈಗ ಹಳೆಯದಾಯಿತು. ಸ್ವಂತ ಮನೆ ಇದ್ದವರು ಮಾಡಿಕೊಂಡೂ ಇದ್ದಾರೆ. ಪ್ರಶ್ನೆ ಇರುವುದು ಸ್ವಂತ ಮಾಳಿಗೆ ಇಲ್ಲದವರದು, ಮತ್ತು ಮಾಳಿಗೆ ಇದ್ದರೂ ಅದರ ಮೇಲೆ ಲಕ್ಷ ರೂಪಾಯಿಯ ಸಾಮಾನು ಇಡಲು ಕೈಯಲ್ಲಿ ಹಣವಿಲ್ಲದ ಆಶ್ರಯ ಮನೆಯವರದು. ಈ ಇಬ್ಬರಿಗೂ ಬಿಸಿಲಿನ ಆದಾಯದಲ್ಲಿ ಪಾಲು ಸಿಗುವುದು ಸಾಧ್ಯವೇ? ಬೇರೆ ಕಡೆ ಸಿಕ್ಕಿದೆ. ಹೇಗೆ ಸಿಕ್ಕಿತು, ಎಲ್ಲಿ ತೊಡಕಾಯಿತು ಎನ್ನುವುದನ್ನು ನೋಡಿದರೆ ನಮ್ಮೂರಿನ ಲೆಕ್ಕವೂ ತಿಳಿಯಾಗುತ್ತದೆ.

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ‘ನಮ್ಮನೇಲಿ ಸೋಲಾರ್ ಇದೆ’ ಎಂದು ದಾವಣಗೆರೆಯಲ್ಲಿ ಯಾರಾದರೂ ಹೇಳಿದರೆ ಹತ್ತರಲ್ಲಿ ಒಂಬತ್ತು ಸಲ ಅದು ಬಿಸಿನೀರಿನ ಸೋಲಾರು. ಅದಕ್ಕೆ ಬೇಕಾಗಿರುವುದು ಬಿಸಿಲಿನ ಶಾಖ. ಕರೆಂಟಿನ ಸೋಲಾರಿಗೆ ಬೇಕಾಗಿರುವುದು ಬೆಳಕು. ಬೆಳಕಿನ ಕಣವೊಂದು ಸಿಲಿಕಾನ್ ಬಿಲ್ಲೆಯೊಳಗಿನ ಎಲೆಕ್ಟ್ರಾನನ್ನು ಅದರ ಜಾಗದಿಂದ ಎಬ್ಬಿಸಿ ಓಡಿಸುತ್ತದೆ. ಹಾಗೆ ಓಡುವ ಎಲೆಕ್ಟ್ರಾನುಗಳ ಸಾಲೇ ವಿದ್ಯುತ್ತು. ಫ್ರಾನ್ಸಿನ ಎಡ್ಮಂಡ್ ಬೆಕರೆಲ್ 1839ರಲ್ಲಿ ಈ ಪರಿಣಾಮವನ್ನು ಗುರುತಿಸಿದಾಗ ಅವನಿಗೆ 19 ವರ್ಷ, ಇಂದಿನ ಡಿಗ್ರಿ ಹುಡುಗರ ವಯಸ್ಸು. ಅಮೆರಿಕದ ಬೆಲ್ ಪ್ರಯೋಗಾಲಯದವರು ಸಿಲಿಕಾನ್ ಸೌರಕೋಶವನ್ನು ಲೋಕಕ್ಕೆ ತೋರಿಸಿದ್ದು 1954ರಲ್ಲಿ. ಅದು ಬಿದ್ದ ಬೆಳಕಿನ ಶೇ 6ರಷ್ಟನ್ನು ಮಾತ್ರ ವಿದ್ಯುತ್ತಾಗಿ ಮಾರ್ಪಡಿಸುತ್ತಿತ್ತು. ಇಂದು ಅಂಗಡಿಯಲ್ಲಿ ಸಿಗುವ ಫಲಕಗಳು ಶೇ 20ನ್ನು ದಾಟಿವೆ. ವಿಚಿತ್ರವೆಂದರೆ ಶಾಖ ಹೆಚ್ಚಾದಷ್ಟೂ ಇವುಗಳ ಕಸುವು ಕುಗ್ಗುತ್ತದೆ. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ಮಧ್ಯಾಹ್ನ ಫಲಕವನ್ನು ಮುಟ್ಟಿದರೆ ಕೈ ಸುಡುತ್ತದೆ, ಆಗ ಅದು ತನ್ನ ಪೂರ್ತಿ ಶಕ್ತಿ ಕೊಡುವುದಿಲ್ಲ. ಬೆಳಕು ಬೇಕು, ಬೇಗೆ ಬೇಡ ಎನ್ನುವ ಜಾತಿ ಅದು.

ಆದರೂ ವರ್ಷದ ಸರಾಸರಿ ತೆಗೆದರೆ, ಈ ಭಾಗದಲ್ಲಿ 1 ಕಿಲೋವಾಟಿನ ಫಲಕಗಳು ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತವೆ. ಅದಕ್ಕೆ ನೆರಳಿಲ್ಲದ ಸುಮಾರು 100 ಚದರ ಅಡಿ ಜಾಗ ಬೇಕು. ಮುಖ ದಕ್ಷಿಣಕ್ಕೆ, ಓರೆ ಹೆಚ್ಚುಕಡಿಮೆ ಊರಿನ ಅಕ್ಷಾಂಶದಷ್ಟು, ಅಂದರೆ ದಾವಣಗೆರೆ, ಹರಿಹರಗಳಲ್ಲಿ 14 ಡಿಗ್ರಿಯ ಆಸುಪಾಸು. ಹತ್ತನೇ ತರಗತಿಯ ಹುಡುಗಿ ಕೋನಮಾಪಕ ಹಿಡಿದು ಇದನ್ನು ಸರಿನೋಡಬಹುದು. ಮಂಡಕ್ಕಿ ಭಟ್ಟಿಗಳ ಹತ್ತಿರದ ಮನೆಯವರಿಗೆ ಒಂದು ಹೆಚ್ಚಿನ ಕೆಲಸವಿದೆ: ಹೊಗೆಯ ಮಸಿ ಫಲಕದ ಮೇಲೆ ಕುಳಿತರೆ ಉತ್ಪತ್ತಿ ಇಳಿಯುತ್ತದೆ, ಆಗಾಗ ನೀರು ಹಾಕಿ ಒರೆಸಬೇಕು. ಬೆಳಿಗ್ಗೆ ಫಲಕ ತಣ್ಣಗಿರುವಾಗ ಒರೆಸುವುದು ಕ್ಷೇಮ. ಕಾದ ಗಾಜಿನ ಮೇಲೆ ತಣ್ಣೀರು ಸುರಿಯಬಾರದೆಂದು ಅಡುಗೆಮನೆಯಲ್ಲಿರುವವರಿಗೆ ಗೊತ್ತೇ ಇದೆ.

ಈಗ ಮೀಟರಿನ ಮಾತು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲಿ ತಂತಿ ಎಳೆದ ಕಾಲದಿಂದಲೂ ನಮ್ಮ ನಾಡಿನಲ್ಲಿ ವಿದ್ಯುತ್ತು ಒಂದೇ ದಿಕ್ಕಿನಲ್ಲಿ ಹರಿದದ್ದು: ದೊಡ್ಡ ಕೇಂದ್ರದಿಂದ ಸಣ್ಣ ಮನೆಗೆ. ಹಣ ಹರಿದದ್ದು ಅದರ ಎದುರು ದಿಕ್ಕಿಗೆ. ಎರಡೂ ದಿಕ್ಕಿಗೆ ಲೆಕ್ಕವಿಡುವ ಮೀಟರು ಬಂದ ಮೇಲೆ ಈ ಕಟ್ಟಳೆ ಮುರಿಯಿತು. ಮನೆ ಎಳೆದುಕೊಂಡದ್ದು ಎಷ್ಟು, ಮನೆ ಹೊರಗೆ ಕಳಿಸಿದ್ದು ಎಷ್ಟು ಎಂಬ ಎರಡು ಅಂಕಿಗಳನ್ನು ಅದು ಬೇರೆಬೇರೆಯಾಗಿ ತೋರಿಸುತ್ತದೆ. ಕಳಿಸಿದ್ದರಲ್ಲಿ ಎಳೆದದ್ದನ್ನು ಕಳೆದು ಉಳಿದದ್ದಕ್ಕೆ ಹಣ ಕೊಡುವುದು ಒಂದು ಕ್ರಮ. ಉತ್ಪತ್ತಿಯಾದದ್ದನ್ನೆಲ್ಲ ಕೊಂಡುಕೊಂಡು, ಬಳಸಿದ್ದಕ್ಕೆ ಬೇರೆ ಬಿಲ್ಲು ಮಾಡುವುದು ಇನ್ನೊಂದು ಕ್ರಮ. ಮೊದಲನೆಯದು ಹೆಚ್ಚು ಕರೆಂಟು ಬಳಸುವ ಮನೆಗೆ ಲಾಭ. ಎರಡನೆಯದು ಕಡಿಮೆ ಬಳಸುವ ಮನೆಗೆ ಹೊಂದುತ್ತದೆ. ಈ ಸಣ್ಣ ವ್ಯತ್ಯಾಸವೇ ಬಡವರ ಮಟ್ಟಿಗೆ ದೊಡ್ಡದು.

ದೊಡ್ಡದು ಹೇಗೆಂದು ತೋರಿಸಿಕೊಟ್ಟದ್ದು ಬ್ರೆಜಿಲ್ ದೇಶದ ಜುವಾಜೇರೊ ಎಂಬ ಊರು. ಬಾಯಿಯಾ ರಾಜ್ಯದಲ್ಲಿ, ಸಾವ್ ಫ್ರಾನ್ಸಿಸ್ಕೊ ನದಿಯ ದಂಡೆಯಲ್ಲಿ, ಮಳೆ ಕಡಿಮೆ ಬಿಸಿಲು ಜಾಸ್ತಿ ಇರುವ ಬಯಲುಸೀಮೆಯಲ್ಲಿದೆ. ತುಂಗಭದ್ರೆಯ ದಂಡೆಯ ಹರಿಹರದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಲ್ಲಿನ ಸರ್ಕಾರ 2009ರಲ್ಲಿ ‘ನನ್ನ ಮನೆ, ನನ್ನ ಬದುಕು’ ಎಂಬ ಅರ್ಥದ ಹೆಸರಿನ ವಸತಿ ಯೋಜನೆ ಆರಂಭಿಸಿತು, ನಮ್ಮ ಆಶ್ರಯ ಯೋಜನೆಯ ದೂರದ ನೆಂಟ ಎನ್ನಬಹುದು. ಆ ಯೋಜನೆಯಲ್ಲಿ ಕಟ್ಟಿದ ಎರಡು ಬಡಾವಣೆಗಳ 1,000 ಮನೆಗಳ ಮೇಲೆ 9,144 ಫಲಕಗಳನ್ನು ಹಾಸಲಾಯಿತು. ಒಟ್ಟು ಸಾಮರ್ಥ್ಯ 2.1 ಮೆಗಾವಾಟ್. ಹಣ ಕೊಟ್ಟದ್ದು ಸರ್ಕಾರಿ ಬ್ಯಾಂಕಿನ ಒಂದು ನಿಧಿ. ಮನೆಯವರು ಕೈಯಿಂದ ಹಾಕಲಿಲ್ಲ. 2014ರಲ್ಲಿ ವಿದ್ಯುತ್ ಮಾರಾಟ ಶುರುವಾಯಿತು.

ಹಣ ಹಂಚಿದ ರೀತಿಯನ್ನು ಗಮನಿಸಬೇಕು. ಬಂದ ಆದಾಯದಲ್ಲಿ ಶೇ 60 ಮನೆಯವರಿಗೆ. ಶೇ 30 ಬಡಾವಣೆಯ ಸಾಮೂಹಿಕ ನಿಧಿಗೆ. ಉಳಿದ ಶೇ 10 ದುರಸ್ತಿ, ನಿರ್ವಹಣೆಗೆ. ಫಲಕ ತೊಳೆಯುವ, ತಂತಿ ನೋಡಿಕೊಳ್ಳುವ ಕೆಲಸ ಯಾರ ತಲೆಗೂ ಬೀಳದೆ ಎರಡೇ ವರ್ಷಕ್ಕೆ ಹಾಳಾದ ಸರ್ಕಾರಿ ಸೋಲಾರ್ ದೀಪಗಳನ್ನು ಕಂಡ ನಮ್ಮವರಿಗೆ ಆ ಶೇ 10ರ ಬೆಲೆ ಬೇಗ ಅರ್ಥವಾಗುತ್ತದೆ.

ಆದರೆ ಇನ್ನೊಂದು ಸಂಗತಿ ಅದಕ್ಕಿಂತ ಮುಖ್ಯ. ಬ್ರೆಜಿಲ್ಲಿನ 2012ರ ನಿಯಮದ ಪ್ರಕಾರ ಮನೆಯವರು ಹೆಚ್ಚುವರಿ ವಿದ್ಯುತ್ತನ್ನು ಮಾರಿ ಹಣ ಪಡೆಯುವಂತಿರಲಿಲ್ಲ. ಮುಂದಿನ ತಿಂಗಳುಗಳ ಬಿಲ್ಲಿಗೆ ಜಮೆ ಮಾಡಿಕೊಳ್ಳಬಹುದಿತ್ತು ಅಷ್ಟೇ. ನಾಲ್ಕು ಎ.ಸಿ. ಇರುವ ಬಂಗಲೆಯವನಿಗೆ ಆ ಜಮೆ ಬಂಗಾರ. ಎರಡು ಬಲ್ಬು, ಒಂದು ಫ್ಯಾನು, ಒಂದು ಟೀವಿ ಇರುವವನಿಗೆ ಅದರಿಂದ ಏನು ಪ್ರಯೋಜನ? ಅವನ ಬಿಲ್ಲೇ ಸಣ್ಣದು. ಜಮೆ ಬೆಳೆಯುತ್ತ ಹೋಗುತ್ತದೆ, ಅಕ್ಕಿ ಬೇಳೆ ಆಗುವುದಿಲ್ಲ. ಆದ್ದರಿಂದಲೇ ಜುವಾಜೇರೊಗೆ ಅಲ್ಲಿನ ವಿದ್ಯುತ್ ನಿಯಂತ್ರಣ ಸಂಸ್ಥೆಯಿಂದ ವಿಶೇಷ ಅನುಮತಿ ಬೇಕಾಯಿತು. ಬಡವರಿಗೆ ಬೇಕಾಗಿದ್ದದ್ದು ರಿಯಾಯಿತಿಗಿಂತ ರೊಕ್ಕ. ಆ ರೊಕ್ಕಕ್ಕೆ ನಿಯಮದ ಪುಸ್ತಕದಲ್ಲಿ ಜಾಗವಿರಲಿಲ್ಲ.

ಲಂಡನ್ನಿನಲ್ಲಿ ದಾರಿ ಬೇರೆಯಾಗಿತ್ತು. ಬ್ರಿಕ್ಸ್‌ಟನ್ ಭಾಗದ ಲಫ್‌ಬರ ಎಸ್ಟೇಟ್ ಎಂಬ ಪುರಸಭೆಯ ಬಾಡಿಗೆ ವಸತಿಯ ಮಾಳಿಗೆಯ ಮೇಲೆ 2012ರಲ್ಲಿ 37 ಕಿಲೋವಾಟಿನ ಫಲಕಗಳು ಏರಿದವು. ಹಣ ಹೂಡಿದವರು ಷೇರು ಕೊಂಡ ಸಾರ್ವಜನಿಕರು, ಅದರಲ್ಲೂ ಹತ್ತಿರದಲ್ಲಿ ವಾಸವಿದ್ದವರು. ಸ್ಥಾಪಿಸಿದ್ದು ಒಂದು ಸಹಕಾರ ಸಂಘ. ಲಾಭದ ಒಂದು ಪಾಲು ಅಲ್ಲಿನ ನಿವಾಸಿಗಳ ಮನೆಗಳ ಇಂಧನ ಖರ್ಚು ತಗ್ಗಿಸುವ ನಿಧಿಗೆ ಹೋಯಿತು, ವಸತಿಯ ಹುಡುಗ ಹುಡುಗಿಯರಿಗೆ ಕೆಲಸದ ತರಬೇತಿ ಸಿಕ್ಕಿತು. ಇದೆಲ್ಲ ನಡೆದದ್ದು ಸರ್ಕಾರ ಸೌರವಿದ್ಯುತ್ತಿಗೆ ಗೊತ್ತುಪಡಿಸಿದ್ದ ಒಳ್ಳೆಯ ದರದ ಬಲದ ಮೇಲೆ. ಆ ದರದ ಯೋಜನೆಯನ್ನು 2019ರ ಮಾರ್ಚ್ ಕೊನೆಗೆ ಹೊಸಬರಿಗೆ ಮುಚ್ಚಲಾಯಿತು. ಜರ್ಮನಿಯವರು 2017ರಲ್ಲಿ ಕಾನೂನನ್ನೇ ತಂದರು: ಕಟ್ಟಡದ ಮಾಳಿಗೆಯಲ್ಲಿ ಹುಟ್ಟಿದ ವಿದ್ಯುತ್ತನ್ನು ಅದೇ ಕಟ್ಟಡದ ಬಾಡಿಗೆದಾರರಿಗೆ ಮಾರಿದರೆ ಸರ್ಕಾರದಿಂದ ಪ್ರೋತ್ಸಾಹಧನ. ಆದರೆ ಬಾಡಿಗೆದಾರರಿಂದ ತೆಗೆದುಕೊಳ್ಳುವ ದರ ಆ ಊರಿನ ಮೂಲ ದರದ ಶೇ 90ನ್ನು ಮೀರಬಾರದು. ಓನರ್ ಆಸೆಬುರುಕನಾದರೂ ಬಾಡಿಗೆದಾರನಿಗೆ ಹತ್ತರಲ್ಲಿ ಒಂದು ಭಾಗ ಉಳಿಯಲೇಬೇಕು ಎಂಬ ಏರ್ಪಾಡು.

ದೂರದ ಕತೆ ಸಾಕು. ನಮ್ಮ ನೆರೆಯ ಕೇರಳದಲ್ಲಿ, ಲೈಫ್ ಯೋಜನೆಯಡಿ ಸರ್ಕಾರ ಕಟ್ಟಿಸಿಕೊಟ್ಟ ಬಡವರ ಮನೆಗಳ ಮೇಲೆ ಅಲ್ಲಿನ ಅನರ್ಟ್ ಸಂಸ್ಥೆ ಉಚಿತವಾಗಿ ಫಲಕ ಹಾಕಿ, ಹೆಚ್ಚುವರಿ ವಿದ್ಯುತ್ತನ್ನು ರಾಜ್ಯ ವಿದ್ಯುತ್ ಮಂಡಳಿಗೆ ಕೊಟ್ಟು ಮನೆಯವರಿಗೆ ಆದಾಯ ಬರುವಂತೆ ಮಾಡುವ ಕೆಲಸಕ್ಕೆ ಕೈಹಾಕಿದೆ. ಅದಕ್ಕಿಟ್ಟ ಹೆಸರೇ ‘ಹರಿತ ವರುಮಾನ’, ಅಂದರೆ ಹಸಿರು ವರಮಾನ.

ಕರ್ನಾಟಕದಲ್ಲಿ ಇದರ ಮೊದಲ ದೊಡ್ಡ ಪರೀಕ್ಷೆ ನಡೆದದ್ದು ಮನೆಗಳ ಮೇಲಲ್ಲ, ಹೊಲಗಳಲ್ಲಿ. 2014ರಲ್ಲಿ ಪ್ರಕಟವಾದ ‘ಸೂರ್ಯ ರೈತ’ ಯೋಜನೆಗೆ ಕನಕಪುರ ತಾಲ್ಲೂಕಿನ ಹಾರೋಬೆಲೆಯನ್ನು ಆರಿಸಿಕೊಳ್ಳಲಾಯಿತು. ಸುಮಾರು 310 ರೈತರ ಪಂಪ್‌ಸೆಟ್ಟುಗಳಿಗೆ, ಪಂಪಿಗೆ ಬೇಕಾದ್ದಕ್ಕಿಂತ ಒಂದೂವರೆ ಪಟ್ಟು ಸಾಮರ್ಥ್ಯದ ಫಲಕಗಳನ್ನು ಜೋಡಿಸಿದರು. ನೀರೆತ್ತಿ ಮಿಕ್ಕ ವಿದ್ಯುತ್ತು ಬೆಸ್ಕಾಂಗೆ. ಹಿಂದಿನ ವರ್ಷ, ಅಂದರೆ 2013ರ ಅಕ್ಟೋಬರಿನಲ್ಲಿ, ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಮಾಳಿಗೆ ಸೌರವಿದ್ಯುತ್ತಿಗೆ ಯೂನಿಟ್ಟಿಗೆ 9 ರೂಪಾಯಿ 56 ಪೈಸೆ ಗೊತ್ತುಮಾಡಿತ್ತು. ಸಬ್ಸಿಡಿ ಪಡೆದವರಿಗೆ 7 ರೂಪಾಯಿ 20 ಪೈಸೆ. ಹಾರೋಬೆಲೆಯ ರೈತರಿಗೆ ಅನ್ವಯಿಸಿದ್ದು ಈ ಎರಡನೆಯ ದರ. ಆದರೆ ಕೈಗೆ ಬರುತ್ತಿದ್ದದ್ದು ಯೂನಿಟ್ಟಿಗೆ 1 ರೂಪಾಯಿ. ಉಳಿದ 6 ರೂಪಾಯಿ 20 ಪೈಸೆ ಸಾಲದ ತೀರುವಳಿಗೆ ಮುರಿದುಕೊಳ್ಳುವ ಏರ್ಪಾಡು.

ಈ ಯೋಜನೆಯ ಹಿಂದಿದ್ದ ತರ್ಕ ಚೊಕ್ಕದಾಗಿತ್ತು. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ. ಪುಕ್ಕಟೆ ಸಿಕ್ಕದ್ದನ್ನು ಉಳಿಸುವವರು ಯಾರು? ಉಳಿಸಿದ್ದಕ್ಕೆ ಬೆಲೆ ಸಿಕ್ಕರೆ ರೈತ ಪಂಪನ್ನು ಆರಿಸುತ್ತಾನೆ, ಅಂತರ್ಜಲವೂ ಉಳಿಯುತ್ತದೆ ಎಂಬುದು ನಿರೀಕ್ಷೆ. ಆದರೆ ಕೈಗೆ ಬರುವುದು 1 ರೂಪಾಯಿಯಾದರೆ, ಅದೇ ಯೂನಿಟ್ಟಿನಲ್ಲಿ ನೀರೆತ್ತಿ ಹಿಪ್ಪುನೇರಳೆಗೋ ತರಕಾರಿಗೋ ಹರಿಸಿದರೆ ಬರುವ ಲಾಭ ಅದಕ್ಕಿಂತ ಹೆಚ್ಚು. ರೈತನಿಗೆ ಈ ಲೆಕ್ಕ ಹೇಳಿಕೊಡಲು ಅರ್ಥಶಾಸ್ತ್ರಜ್ಞರು ಬರಬೇಕಾಗಿಲ್ಲ. ಗುಜರಾತಿನ ಖೇಡಾ ಜಿಲ್ಲೆಯ ಧುಂಡಿ ಎಂಬ ಹಳ್ಳಿಯಲ್ಲಿ ಕೇವಲ ಆರು ರೈತರು ಸೇರಿ ಸೌರವಿದ್ಯುತ್ ಸಹಕಾರ ಸಂಘ ಕಟ್ಟಿ, 2016ರಿಂದ ಯೂನಿಟ್ಟಿಗೆ 4 ರೂಪಾಯಿ 63 ಪೈಸೆಯಂತೆ 25 ವರ್ಷದ ಒಪ್ಪಂದದ ಮೇಲೆ ಮಾರತೊಡಗಿದರು. ಅಲ್ಲಿ ದರ ಕಡಿಮೆ, ಕೈಗೆ ಬಂದದ್ದು ಹೆಚ್ಚು. ದರಕ್ಕಿಂತ ಸಾಲದ ಕಂತು ದೊಡ್ಡ ಸಂಗತಿ ಎಂಬುದು ಈ ಎರಡು ಊರುಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಕಾಣುತ್ತದೆ.

ಪಂಪ್‌ಸೆಟ್ಟಿಗೆ ಇದ್ದ ಪುಕ್ಕಟೆ ಕರೆಂಟು 2023ರ ಜುಲೈಯಿಂದ ಮನೆಗೂ ಬಂತು. ಗೃಹಜ್ಯೋತಿ ಯೋಜನೆಯಡಿ, 2022–23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ, 200 ಯೂನಿಟ್ ಮೀರದಂತೆ, ಬಿಲ್ಲು ಸೊನ್ನೆ. ಹಿಂದೆ ಭಾಗ್ಯಜ್ಯೋತಿ, ಕುಟೀರಜ್ಯೋತಿ ಎಂದು 40 ಯೂನಿಟ್ಟಿನವರೆಗೆ ಉಚಿತ ಪಡೆಯುತ್ತಿದ್ದ ಗುಡಿಸಲು, ಆಶ್ರಯ ಮನೆಗಳೂ ಇದರಲ್ಲಿ ಸೇರಿದವು. ಬಾಡಿಗೆದಾರರೂ ಆರ್.ಆರ್. ನಂಬರಿಗೆ ತಮ್ಮ ಆಧಾರ್ ಜೋಡಿಸಿ ಪಡೆಯಬಹುದಾದ್ದರಿಂದ ವಿದ್ಯಾನಗರದ ಎಷ್ಟೋ ಕೋಣೆಗಳಲ್ಲಿ ತಿಂಗಳ ಖರ್ಚು ಇಳಿಯಿತು. ಇದು ಒಳ್ಳೆಯದೇ. ಮಕ್ಕಳು ರಾತ್ರಿ ಓದುವಾಗ ‘ಲೈಟ್ ಆರ್ಸೋ, ಬಿಲ್ ಬರುತ್ತೆ’ ಎಂಬ ಕೂಗು ಕಡಿಮೆಯಾಯಿತಲ್ಲ.

ಆದರೆ ಸೋಲಾರಿನ ಲೆಕ್ಕ ತಲೆಕೆಳಗಾಯಿತು. ಉದಾಹರಣೆಗೆ ತಿಂಗಳಿಗೆ 60 ಯೂನಿಟ್ ಬಳಸುವ ಒಂದು ಆಶ್ರಯ ಮನೆ ಎಂದಿಟ್ಟುಕೊಳ್ಳಿ. ಮೋಲ್ಡಿಂಗ್ ಹಾಕಿದ ಮಾಳಿಗೆ ಇದೆ, 200 ಚದರ ಅಡಿ ನೆರಳಿಲ್ಲದ ಜಾಗವಿದೆ. 2 ಕಿಲೋವಾಟ್ ಹಾಕಿಸಲು ಹೆಚ್ಚುಕಡಿಮೆ ಒಂದೂಕಾಲು ಲಕ್ಷ. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಮೊದಲ 2 ಕಿಲೋವಾಟಿಗೆ ತಲಾ 30 ಸಾವಿರದಂತೆ 60 ಸಾವಿರ ಸಬ್ಸಿಡಿ. (ಮೂರನೆಯ ಕಿಲೋವಾಟಿಗೆ 18 ಸಾವಿರ, ಅಲ್ಲಿಗೆ 78 ಸಾವಿರದ ಮಿತಿ.) ಉಳಿದ 65 ಸಾವಿರವನ್ನು ಶೇ 7ರ ಬಡ್ಡಿಗೆ 10 ವರ್ಷದ ಸಾಲವೆಂದರೆ ತಿಂಗಳ ಕಂತು ಸುಮಾರು 755 ರೂಪಾಯಿ. ಉತ್ಪತ್ತಿ ತಿಂಗಳಿಗೆ 240 ಯೂನಿಟ್. ಸ್ವಂತ ಬಳಕೆಯ 60 ಕಳೆದು 180 ಯೂನಿಟ್ ಮಾರಾಟಕ್ಕೆ ಉಳಿಯುತ್ತದೆ. ದರವನ್ನು ಲೆಕ್ಕದ ಅನುಕೂಲಕ್ಕೆ 3 ರೂಪಾಯಿ ಎನ್ನೋಣ. ಬರುವುದು 540. ಕಂತಿಗೆ 215 ಕಡಿಮೆ. ಸ್ವಂತ ಬಳಕೆಯ 60 ಯೂನಿಟ್ಟಿನ ಉಳಿತಾಯವೋ, ಸೊನ್ನೆ, ಯಾಕೆಂದರೆ ಅದು ಮೊದಲೇ ಪುಕ್ಕಟೆ ಇತ್ತು. ಕೈಯಿಂದ ಹಣ ಹಾಕಿ ಸೋಲಾರು ಸಾಕಲು ಯಾವ ತಾಯಿ ಒಪ್ಪುತ್ತಾಳೆ? ಒಪ್ಪದಿರುವುದೇ ಸರಿ.

ಅದೇ 240 ಯೂನಿಟ್ಟನ್ನೂ ಕಂಪೆನಿಯೇ ಕೊಂಡರೆ 720 ಬರುತ್ತದೆ. ಕಂತಿಗೆ 35 ರೂಪಾಯಿ ಮಾತ್ರ ಕಡಿಮೆ. ದರ 3 ರೂಪಾಯಿ 15 ಪೈಸೆಯಾದರೆ ಕಂತು ತನ್ನಿಂದ ತಾನೇ ತೀರುತ್ತದೆ, ಹತ್ತು ವರ್ಷ ಕಳೆದ ಮೇಲೆ ಬರುವುದೆಲ್ಲ ಮನೆಯದು. ಫಲಕಗಳ ಬಾಳಿಕೆ 25 ವರ್ಷ ಎಂಬುದನ್ನು ನೆನಪಿಟ್ಟರೆ (ಇನ್ವರ್ಟರನ್ನು ನಡುವೆ ಒಮ್ಮೆ ಬದಲಿಸಬೇಕಾದೀತು) ಇದೇನು ಕೆಟ್ಟ ವ್ಯಾಪಾರವಲ್ಲ. ಹದಿನೈದು ಪೈಸೆಯ ಮೇಲೆ ಒಂದು ಮನೆಯ ತೀರ್ಮಾನ ನಿಂತಿರುತ್ತದೆ.

ಇನ್ನೊಂದು ಕಡೆಯಿಂದಲೂ ಲೆಕ್ಕ ನೋಡಬಹುದು. ಗೃಹಜ್ಯೋತಿಯ ಕರೆಂಟು ಮನೆಯವರಿಗೆ ಪುಕ್ಕಟೆ, ಸರ್ಕಾರಕ್ಕೆ ಪುಕ್ಕಟೆಯಲ್ಲ. ಬೆಸ್ಕಾಂಗೆ ಆ ಹಣವನ್ನು ಸರ್ಕಾರ ಕಟ್ಟಿಕೊಡಬೇಕು. ಯೂನಿಟ್ಟಿಗೆ 6 ರೂಪಾಯಿ ಲೆಕ್ಕ ಹಿಡಿದರೂ ಈ 60 ಯೂನಿಟ್ಟಿನ ಮನೆಗೆ ತಿಂಗಳಿಗೆ 360 ರೂಪಾಯಿ. ಹದಿನೈದು ವರ್ಷಕ್ಕೆ 64,800. ಅಂದರೆ ಆ ಮನೆಯ ಮೇಲಿನ ಫಲಕಕ್ಕೆ ಸಬ್ಸಿಡಿ ಕಳೆದು ಬೇಕಾಗಿದ್ದ ಮೊತ್ತಕ್ಕೆ 200 ರೂಪಾಯಿ ಕಮ್ಮಿ! ಬಡವನ ಕೈಯಲ್ಲಿ ಇಲ್ಲದ ಆ 65 ಸಾವಿರವನ್ನು ಸರ್ಕಾರವೇ ಒಂದೇ ಸಲ ಮಾಳಿಗೆಯ ಮೇಲೆ ಇಟ್ಟುಬಿಟ್ಟರೆ, ಮನೆಗೆ ಕರೆಂಟೂ ಸಿಕ್ಕೀತು, ಮಾರಿದ 540ರಲ್ಲಿ ಜುವಾಜೇರೊ ಹಾಗೆ ಪಾಲು ಹಾಕಿದರೆ 324 ರೂಪಾಯಿ ಕೈಗೂ ಬಂದೀತು. ಒಂದು ಪರೀಕ್ಷಾ ಶುಲ್ಕ, ಒಂದು ಬಸ್ ಪಾಸು, ನಾಲ್ಕು ನೋಟ್‌ಬುಕ್ಕಿನ ಹಣ. ದೊಡ್ಡ ಮೊತ್ತವಲ್ಲ, ಆದರೆ ಯಾರನ್ನೂ ಕೇಳದೆ ಬರುವ ಹಣ.

ವಿದ್ಯುತ್ ಕಂಪೆನಿಯವರ ಅಳಲನ್ನೂ ಕೇಳಬೇಕು, ಅದರಲ್ಲೂ ನ್ಯಾಯವಿದೆ. 2013ರ 9 ರೂಪಾಯಿ 56 ಪೈಸೆ 2016ರ ಆದೇಶದಲ್ಲಿ ಸಣ್ಣ ಮಾಳಿಗೆಗಳಿಗೆ 7 ರೂಪಾಯಿ 8 ಪೈಸೆಗೆ ಇಳಿಯಿತು. ಆಮೇಲೆ ಇಳಿಯುತ್ತ ಬಂದು ಮೊದಲಿನ ಅರ್ಧಕ್ಕೂ ಕೆಳಗೆ ಬಂದಿದೆ. ಕಾರಣ, ಫಲಕದ ಬೆಲೆ ಬಿದ್ದುಹೋಯಿತು. ಪಾವಗಡದಲ್ಲಿ 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಉದ್ಯಾನ ಎದ್ದ ಮೇಲೆ ಮಧ್ಯಾಹ್ನದ ಹೊತ್ತು ರಾಜ್ಯಕ್ಕೆ ಬಿಸಿಲಿನ ಕರೆಂಟಿಗೆ ಬರವಿಲ್ಲ. ಬರ ಇರುವುದು ಸಂಜೆ ಆರರ ಮೇಲೆ, ಎಲ್ಲರೂ ಮನೆಗೆ ಬಂದು ಸ್ವಿಚ್ ಒತ್ತುವಾಗ. ಆಗ ಸೂರ್ಯ ಮನೆಗೆ ಹೋಗಿರುತ್ತಾನೆ. ಸಂತೆಯಲ್ಲಿ ಟೊಮೆಟೊ ರಾಶಿ ಬಿದ್ದ ದಿನ ಬೆಲೆ ಇಳಿಯುವ ಹಾಗೆ ಮಧ್ಯಾಹ್ನದ ಯೂನಿಟ್ಟಿನ ಬೆಲೆಯೂ ಇಳಿಯುತ್ತದೆ. ಬ್ಯಾಟರಿ ಅಗ್ಗವಾಗಿ, ಮಧ್ಯಾಹ್ನದ್ದನ್ನು ಸಂಜೆಗೆ ಎತ್ತಿಡುವಂತಾದರೆ ಮಾತು ಬೇರೆ.

ಪಾವಗಡದ ಹೆಸರು ಬಂದದ್ದರಿಂದ ಒಂದು ಮಾತು. ಅಲ್ಲಿ ರೈತರು ಜಮೀನು ಮಾರಲಿಲ್ಲ. ಎಕರೆಗೆ ವರ್ಷಕ್ಕೆ 21 ಸಾವಿರದಂತೆ ಗುತ್ತಿಗೆಗೆ ಕೊಟ್ಟರು, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆ ಎಂಬ ಷರತ್ತಿನ ಮೇಲೆ. ಜಮೀನಿದ್ದವರಿಗೆ ಆದಾಯ ಬಂತು. ಆ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದವರಿಗೆ ಗುತ್ತಿಗೆಯ ಹಣದಲ್ಲಿ ಪಾಲಿರಲಿಲ್ಲ. ಬಾಡಿಗೆದಾರನ ಕತೆಯೂ ಹೆಚ್ಚುಕಡಿಮೆ ಇದೇ.

ವಿದ್ಯಾನಗರದ ಓನರೊಬ್ಬರ ಮಾಳಿಗೆಯನ್ನು ಕಲ್ಪಿಸಿಕೊಳ್ಳಿ. ಕೆಳಗೆ ಅವರು, ಮೇಲೆ ಮೂರು ಕೋಣೆಗಳಲ್ಲಿ ವಿದ್ಯಾರ್ಥಿಗಳು. ‘ಅಂಕಲ್, ಮಾಳಿಗೆ ಮೇಲೆ ಸೋಲಾರ್ ಹಾಕ್ಸಿದ್ರೆ ನಮಗೂ ಏನಾದ್ರೂ ಕಡಿಮೆ ಮಾಡ್ತೀರಾ?’ ಎಂದು ಹುಡುಗರು ಕೇಳಿದರೆ ಬರುವ ಉತ್ತರ ಊಹಿಸುವುದು ಕಷ್ಟವಲ್ಲ: ‘ನೋಡಪ್ಪಾ, ರೊಕ್ಕ ಹಾಕೋನು ನಾನು, ನೀವು ಪರೀಕ್ಷೆ ಮುಗೀತಿದ್ದಂಗೆ ಗಂಟುಮೂಟೆ ಕಟ್ಟೋರು.’ ಅವರು ಹೇಳುವುದೂ ಸುಳ್ಳಲ್ಲ. ಬಾಡಿಗೆ ಕರಾರು 11 ತಿಂಗಳದು, ಫಲಕ 25 ವರ್ಷದ್ದು. ಬಿಸಿನೀರಿನ ಸೋಲಾರು ಬಂದಾಗ ಏನಾಯಿತು ಎಂಬುದು ಎಲ್ಲರಿಗೂ ಗೊತ್ತಿದೆ: ‘ಸೋಲಾರ್ ಇದೆ’ ಎಂಬ ಕಾರಣಕ್ಕೆ ಬಾಡಿಗೆಯೇ ಏರಿತು. ಇನ್ನೂ ಒಂದು ತಮಾಷೆ ಉಂಟು. ಬೇಸಿಗೆ ರಜೆಯಲ್ಲಿ ಹುಡುಗರು ಊರಿಗೆ ಹೋದಾಗ ಕೋಣೆಗಳು ಖಾಲಿ, ಬಿಸಿಲು ಭರ್ತಿ. ಹೆಚ್ಚುವರಿ ಯೂನಿಟ್ಟು ರಾಶಿ ಬೀಳುವ ಆ ದಿನಗಳಲ್ಲೂ ಅವರು ಬಾಡಿಗೆ ಮಾತ್ರ ಕೊಡುತ್ತಲೇ ಇರುತ್ತಾರೆ.

ಸೂರ್ಯಘರ್ ಅರ್ಜಿಗೆ ಬೇಕಾದ ಮೊದಲ ಅರ್ಹತೆಯೇ ಸ್ವಂತ ಮಾಳಿಗೆ. ಬಾಡಿಗೆ ಕರಾರನ್ನು ಹಿಡಿದು ಹೋದವರಿಗೆ ಅಲ್ಲಿ ಕೆಲಸವಿಲ್ಲ. ವಸತಿ ಸಮುಚ್ಚಯದವರು ಸಂಘ ಕಟ್ಟಿಕೊಂಡರೆ ಸಾಮಾನ್ಯ ದೀಪ, ನೀರಿನ ಪಂಪಿನಂಥ ಬಳಕೆಗೆ ಕಿಲೋವಾಟಿಗೆ 18 ಸಾವಿರದಂತೆ 500 ಕಿಲೋವಾಟಿನವರೆಗೆ ಸಹಾಯಧನವಿದೆ. ಸಂಘ ಕಟ್ಟುವುದು ಈ ನಾಡಿಗೆ ಹೊಸದೂ ಅಲ್ಲ. ಗದಗ ಸೀಮೆಯ ಕಣಗಿನಹಾಳದಲ್ಲಿ ಸಹಕಾರ ಸಂಘ ಹುಟ್ಟಿದ್ದು 1905ರಲ್ಲಿ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರ ಸಂಘವಂತೂ ಇಡೀ ತಾಲ್ಲೂಕಿಗೆ ಕರೆಂಟು ಹಂಚುವ ಕೆಲಸವನ್ನೇ ಮಾಡುತ್ತ ಬಂದಿದೆ. ಬ್ರಿಕ್ಸ್‌ಟನ್ನಿನವರು 2012ರಲ್ಲಿ ಕಂಡುಕೊಂಡದ್ದರ ಅರ್ಧ ಪಾಠ ಹುಕ್ಕೇರಿಯವರಿಗೆ ಮೊದಲೇ ಬಾಯಿಪಾಠವಾಗಿತ್ತು.

ಹಾಕಿಸುವ ಮನಸ್ಸಿದ್ದವರಿಗೆ ಮೊದಲೇ ತಿಳಿದಿರಬೇಕಾದ ಒಂದು ಸಂಗತಿಯನ್ನು ಮಾರಾಟಗಾರರು ಸಾಮಾನ್ಯವಾಗಿ ಕೊನೆಗೆ ಹೇಳುತ್ತಾರೆ. ಬ್ಯಾಟರಿ ಇಲ್ಲದ, ತಂತಿಜಾಲಕ್ಕೆ ಜೋಡಿಸಿದ ಸೋಲಾರು ಕರೆಂಟು ಹೋದಾಗ ತಾನೂ ನಿಂತುಹೋಗುತ್ತದೆ. ಮಟಮಟ ಮಧ್ಯಾಹ್ನ, ತಲೆಯ ಮೇಲೆ ಸೂರ್ಯ, ಮಾಳಿಗೆಯ ಮೇಲೆ ಲಕ್ಷದ ಫಲಕ, ಆದರೂ ಫ್ಯಾನು ತಿರುಗುವುದಿಲ್ಲ. ಇದು ದೋಷವಲ್ಲ. ಲೈನ್‌ಮನ್ ಒಬ್ಬ ಕರೆಂಟು ತೆಗೆದು ಕಂಬ ಹತ್ತಿರುವಾಗ ಯಾರದೋ ಮಾಳಿಗೆಯಿಂದ ತಂತಿಗೆ ವಿದ್ಯುತ್ ಹರಿದರೆ ಅವನ ಜೀವಕ್ಕೇ ಸಂಚಕಾರ. ಆದ್ದರಿಂದ ಹೊರಗಿನ ತಂತಿಯಲ್ಲಿ ವಿದ್ಯುತ್ ಇಲ್ಲವೆಂದು ಕಂಡ ಕ್ಷಣವೇ ಇನ್ವರ್ಟರು ತನ್ನನ್ನು ತಾನು ಬಂದ್ ಮಾಡಿಕೊಳ್ಳಬೇಕೆಂಬ ನಿಯಮವಿದೆ. ಕರೆಂಟು ಹೋದಷ್ಟು ಹೊತ್ತು ಮಾರಾಟವೂ ಇಲ್ಲ, ಆದಾಯವೂ ಇಲ್ಲ. ದರವಂತೂ ಆಯೋಗದ ಆದೇಶದೊಂದಿಗೆ ಬದಲಾಗುತ್ತದೆ. ಸಹಿ ಹಾಕುವ ಮುನ್ನ ಬೆಸ್ಕಾಂ ಉಪವಿಭಾಗದ ಕಚೇರಿಯಲ್ಲಿ ಆ ದಿನದ ದರವನ್ನು, ಒಪ್ಪಂದ ಎಷ್ಟು ವರ್ಷದ್ದೆಂಬುದನ್ನು, ಗೃಹಜ್ಯೋತಿ ಇದ್ದ ಮನೆಗೆ ಲೆಕ್ಕ ಹೇಗೆ ಮಾಡುತ್ತಾರೆಂಬುದನ್ನು ಬರಹದಲ್ಲಿ ಕೇಳಿ ಪಡೆಯಬೇಕು. ಮನೆಯಲ್ಲಿ ಓದುವ ಮಕ್ಕಳಿದ್ದರೆ ಈ ಕೆಲಸಕ್ಕೆ ಅವರನ್ನೇ ಕಳಿಸಬಹುದು, ಬಡ್ಡಿ ಮತ್ತು ಕಂತಿನ ಲೆಕ್ಕ ಪಠ್ಯದಲ್ಲಿ ಇದ್ದೇ ಇದೆ.

ಬಾಡಿಗೆದಾರರ ತೊಡಕಿಗೆ ದೆಹಲಿಯ ನಿಯಂತ್ರಣ ಆಯೋಗ 2019ರಲ್ಲಿ ಒಂದು ಬಾಗಿಲು ತೆರೆಯಿತು. ಫಲಕ ಎಲ್ಲೋ ಒಂದು ಕಡೆ ಇರುತ್ತದೆ, ಶಾಲೆಯ ಮಾಳಿಗೆಯೋ ಖಾಲಿ ಜಾಗವೋ. ಅದರಲ್ಲಿ ಹತ್ತಾರು ಮನೆಗಳಿಗೆ ಪಾಲು. ಹುಟ್ಟಿದ ಯೂನಿಟ್ಟುಗಳನ್ನು ಪಾಲಿಗೆ ತಕ್ಕಂತೆ ಆಯಾ ಮನೆಯ ಬಿಲ್ಲಿಗೆ ಕಾಗದದ ಮೇಲೆ ಹಂಚಲಾಗುತ್ತದೆ. ಸ್ವಂತ ಮಾಳಿಗೆಯ ಹಂಗಿಲ್ಲ. ಇದಕ್ಕೆ ಇನ್ನೊಂದು ಹೆಜ್ಜೆ ಸೇರಿಸಿ, ಪಾಲನ್ನು ಮನೆಯ ಮೀಟರಿಗೆ ಕಟ್ಟುವ ಬದಲು ಮನೆಯವರ ಹೆಸರಿಗೆ ಕಟ್ಟಿದರೆ, ವಿದ್ಯಾನಗರದ ಕೋಣೆ ಬಿಟ್ಟು ಹರಿಹರದ ಬಾಡಿಗೆ ಮನೆಗೆ ಹೋಗುವ ಕುಟುಂಬ ಗ್ಯಾಸ್ ಕನೆಕ್ಷನ್ ವರ್ಗಾಯಿಸಿಕೊಳ್ಳುವ ಹಾಗೆ ತನ್ನ ಬಿಸಿಲಿನ ಪಾಲನ್ನೂ ಜೊತೆಗೆ ಒಯ್ಯಬಹುದು. ಹೊಸ ಓನರಿಗೆ ಅದರ ಸುದ್ದಿಯನ್ನೂ ಹೇಳಬೇಕಾಗಿಲ್ಲ.